ಮನೆಯ ನಾಯಿಗೆ ಎಂಥ ತರಬೇತುದಾರ ಬೇಕು?

ಪ್ರಶ್ನೆ: ನಾವು ಕಲಬುರಗಿಯ ಜೇವರ್ಗಿ ರಸ್ತೆಯ ಬಡಾವಣೆಯೊಂದರಲ್ಲಿ ಇದ್ದೇವೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು 9 ವರ್ಷದ ಮಗ. ನಮ್ಮ ಜರ್ಮನ್ ಶೆಫರ್ಡ್ ಬ್ರೂನೋಗೆ ಈಗ 14 ತಿಂಗಳು. ಮನೆಯವರೊಂದಿಗೆ ಬಹಳ ಪ್ರೀತಿಯಿಂದ ಇರುತ್ತಾನೆ. ಆದರೆ ಎರಡು ಮೂರು ತಿಂಗಳಿಂದ ಮನೆಗೆ ಬಂದವರ ಮೇಲೆ ಗುರುಗುಟ್ಟುತ್ತಾನೆ. ಸಿಲಿಂಡರ್ ತರುವ ಹುಡುಗನ ಪ್ಯಾಂಟಿಗೆ ಒಮ್ಮೆ ಬಾಯಿ ಹಾಕಿದ. ಹೊರಗೆ ಕರೆದೊಯ್ದರೆ ಎಳೆದಾಡುತ್ತಾನೆ. ಇಬ್ಬರು ತರಬೇತುದಾರರನ್ನು ವಿಚಾರಿಸಿದೆವು. ಒಬ್ಬರು ಪೊಲೀಸ್ ಶ್ವಾನದಳದಲ್ಲಿ ಬಹಳ ವರ್ಷ ಇದ್ದವರು. ನಾಯಿ ತಾನೇ ಮನೆಯ ಯಜಮಾನ ಎಂದು ತಿಳಿದಿದೆ, ಒಂದೂವರೆ ತಿಂಗಳು ತಮ್ಮ ಹೊಲದ ಶೆಡ್ಡಿನಲ್ಲಿ ಬಿಟ್ಟರೆ ಗ್ಯಾರಂಟಿಯಾಗಿ ಸರಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬ ತರುಣ ಆನ್‌ಲೈನ್ ಕೋರ್ಸ್ ಮಾಡಿದ್ದಾನೆ. ಮನೆಗೇ ಬಂದು ಕಲಿಸುತ್ತೇನೆ, ಗ್ಯಾರಂಟಿ ಮಾತ್ರ ಕೊಡಲಾರೆ ಎನ್ನುತ್ತಾನೆ. ಬರೀ ಚಿಕನ್ ತುಂಡು ಕೊಟ್ಟು ಕಲಿಸುತ್ತಾನಂತೆ. ಯಾರ ಹಿನ್ನೆಲೆಯನ್ನು ನಂಬಬೇಕು? ಈ ವಯಸ್ಸಿಗೆ ಕಲಿಸಲು ತಡವಾಯಿತೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ತಡವಾಗಿಲ್ಲ. 14 ತಿಂಗಳ ಜರ್ಮನ್ ಶೆಫರ್ಡ್ ಮೈಕಟ್ಟಿನಲ್ಲಿ ಬೆಳೆದ ನಾಯಿಯಂತೆ ಕಂಡರೂ ಸ್ವಭಾವದಲ್ಲಿ ಇನ್ನೂ ಹರೆಯದ್ದೇ. ಈ ತಳಿ ಪೂರ್ತಿ ಬಲಿಯಲು 2 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹರೆಯದ ನಾಯಿ ಮಾತು ಕೇಳುವುದಿಲ್ಲ ಎಂಬುದು ಮನೆಮನೆಯ ದೂರು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ತಿಂಗಳಿನವಾಗಿದ್ದಾಗ ಹೇಳಿದೊಡನೆ ಕೂರುತ್ತಿದ್ದ ಮರಿಗಳು 8 ತಿಂಗಳಾಗುವ ಹೊತ್ತಿಗೆ ತಮ್ಮನ್ನು ಸಾಕಿದವರ ಮಾತಿಗೆ ಹಿಂದೇಟು ಹಾಕಿದವು. ಅದೇ ಮಾತನ್ನು ಅಪರಿಚಿತರು ಹೇಳಿದಾಗ ಕೇಳಿದವು. ಈ ಸಂಗತಿಯನ್ನು ನೆನಪಿನಲ್ಲಿಡಿ. ಯಾವುದೇ ತರಬೇತುದಾರ ಮೊದಲ ದಿನವೇ ಬಂದು ಐದು ನಿಮಿಷದಲ್ಲಿ ನಿಮ್ಮ ನಾಯಿಯನ್ನು ಕೂರಿಸಿ ತೋರಿಸಿದರೆ, ಅದೆಲ್ಲ ಅವನ ಕೈಗುಣವೇ ಆಗಿರಬೇಕೆಂದಿಲ್ಲ.

ಇನ್ನು ಹಿನ್ನೆಲೆಯ ಮಾತು. ನಾನು ಸಮವಸ್ತ್ರದ ಶ್ವಾನದಳವೊಂದರಲ್ಲಿ ಹ್ಯಾಂಡ್ಲರ್ (ನಾಯಿಯನ್ನು ನೋಡಿಕೊಂಡು ಕೆಲಸಕ್ಕೆ ನಡೆಸುವವನು) ಆಗಿದ್ದು, ಅಲ್ಲಿಂದ ಹೊರಬಂದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮನೆ ನಾಯಿಗಳಿಗೆ ಕಲಿಸುತ್ತ ಬಂದವನು. ಹಾಗಾಗಿ ನಿಮ್ಮ ಇಬ್ಬರು ತರಬೇತುದಾರರೂ ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ತರಬೇತುದಾರನ ಹಿನ್ನೆಲೆಯಿಂದ ತಿಳಿಯುವುದು ಅವನು ಎಂಥ ನಾಯಿಗಳನ್ನು ನೋಡಿದ್ದಾನೆ ಎಂಬುದಷ್ಟೇ. ನಾಯಿ ತಪ್ಪಿದಾಗ ಅವನು ಏನು ಮಾಡುತ್ತಾನೆ, ತಾನು ನಾಯಿಗೆ ಕಲಿಸಿದ್ದನ್ನು ಮನೆಯವರ ಕೈಗೆ ಹೇಗೆ ದಾಟಿಸುತ್ತಾನೆ ಎಂಬುದನ್ನು ನೋಡಿದ ಮೇಲೆಯೇ ಅವನು ನಿಮಗೆ ಆಗಿಬರುತ್ತಾನೋ ಇಲ್ಲವೋ ಎಂದು ಹೇಳಲು ಸಾಧ್ಯ.

ಶ್ವಾನದಳದ ಅನುಭವ ಸಣ್ಣದಲ್ಲ. ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರ 1970ರಿಂದ ನಡೆಯುತ್ತಿದೆ. ಸೇನೆಯ ನಾಯಿಗಳು ಮೀರತ್‌ನಲ್ಲಿ ತಯಾರಾಗುತ್ತವೆ. ನಮ್ಮ ರಾಜ್ಯದ ಪೊಲೀಸ್ ನಾಯಿಗಳಿಗೆ ಬೆಂಗಳೂರಿನ ಆಡುಗೋಡಿಯಲ್ಲಿ ತರಬೇತಿ ಇದೆ. ಇಂಥ ಕಡೆ ನಾಯಿಯೊಂದಿಗೆ ಅದರ ಹ್ಯಾಂಡ್ಲರ್ ಕೂಡ ತಿಂಗಳುಗಟ್ಟಲೆ ವಿದ್ಯಾರ್ಥಿಯಾಗಿರುತ್ತಾನೆ. ಶಿಸ್ತು, ತಾಳ್ಮೆ, ನಾಯಿಯ ಮೂಗಿನ ಮೇಲಿನ ನಂಬಿಕೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಹೆಜ್ಜೆ ಇಡುವ ಅಭ್ಯಾಸ, ಇವೆಲ್ಲ ಅಲ್ಲಿ ಮೈಗೂಡುತ್ತವೆ. ಆದರೆ ಆ ನಾಯಿಗಳು ಆರಿಸಿ ತಂದವು. ಶಬ್ದಕ್ಕೆ ಬೆದರುವ, ಹೊಸಬರನ್ನು ಕಂಡು ಹಿಂದೆ ಸರಿಯುವ ಮರಿಯನ್ನು ಮೊದಲೇ ಬದಿಗಿಡುತ್ತಾರೆ. ಆಯ್ಕೆಯಾದ ನಾಯಿಗೆ ಒಬ್ಬರೋ ಇಬ್ಬರೋ ಹ್ಯಾಂಡ್ಲರ್‌ಗಳು. ಊಟ, ಮೈ ತಿಕ್ಕುವುದು, ಓಟ, ಕೆಲಸ ಎಲ್ಲಕ್ಕೂ ಗೊತ್ತಾದ ಹೊತ್ತು. ನಿಮ್ಮ ಬ್ರೂನೋನನ್ನು ಯಾರೂ ಪರೀಕ್ಷಿಸಿ ಆರಿಸಿಲ್ಲ, ಅವನಿಗೆ ನಾಲ್ವರು ಒಡೆಯರಿದ್ದಾರೆ, ಫೇಲ್ ಮಾಡಿ ವಾಪಸು ಕಳಿಸುವ ಹಾಗೂ ಇಲ್ಲ. ಗಟ್ಟಿ ಎದೆಯ ನಾಯಿಗಳ ನಡುವೆಯೇ ಸೇವೆ ಮುಗಿಸಿದವರು ಅಂಜುವ ಮನೆ ನಾಯಿಯನ್ನು ಕೈಯಲ್ಲಿ ಹಿಡಿದೇ ಇರದಿರಬಹುದು.

ಶ್ವಾನದಳ ಎಂದರೆ ಬಡಿದು ಕಲಿಸುವ ಜಾಗ ಎಂದು ನಮ್ಮ ಜನ ತಿಳಿದಿದ್ದಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ಕಾನ್ರಾಡ್ ಮೋಸ್ಟ್ ಎಂಬ ಜರ್ಮನ್ ಪೊಲೀಸ್ ಅಧಿಕಾರಿ 1910ರಲ್ಲಿ ಬರೆದ ಕೈಪಿಡಿಯಲ್ಲಿ ಎಳೆತ, ಒತ್ತಾಯ, ನೋವು ಇವೆಲ್ಲಕ್ಕೂ ದೊಡ್ಡ ಸ್ಥಾನವಿತ್ತು, ಮತ್ತು ಎರಡು ಮಹಾಯುದ್ಧಗಳ ಕಾಲದಲ್ಲಿ ಆ ರೀತಿಯ ಕಲಿಕೆ ಹಲವು ದೇಶಗಳ ಪಡೆಗಳಿಗೆ ಹಬ್ಬಿತು. ಆದರೆ ಸ್ಫೋಟಕ ಪತ್ತೆ ಹಚ್ಚುವ ನಾಯಿಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಅದು ಸಾಲು ಚೀಲಗಳ ಮೇಲೆ ಮೂಗಾಡಿಸುತ್ತ ಹೋಗುತ್ತದೆ, ಒಂದರ ಹತ್ತಿರ ಉಸಿರಾಟದ ಲಯ ಬದಲಾಗುತ್ತದೆ, ಬಾಲ ಬಿಗಿಯಾಗುತ್ತದೆ, ತಿರುಗಿ ಇನ್ನೊಮ್ಮೆ ಮೂಸುತ್ತದೆ, ಆಮೇಲೆ ಕೆರೆಯದೆ, ಬೊಗಳದೆ ಸುಮ್ಮನೆ ಕೂತುಬಿಡುತ್ತದೆ. ಅದು ಕೂತ ಗಳಿಗೆಯಲ್ಲೇ ಹ್ಯಾಂಡ್ಲರ್‌ನ ಕೈಯಿಂದ ಚೆಂಡು ಹಾರಿ ಬರುತ್ತದೆ. ಇಷ್ಟೆಲ್ಲ ಹುಡುಕಾಟ ಆ ಚೆಂಡಿಗಾಗಿ. ಹೊಡೆದು ಕಾಲನ್ನು ಬೇಕಾದರೆ ಎಳೆಯಬಹುದು, ಮೂಗನ್ನು ದುಡಿಸಲಾಗದು. ಆದ್ದರಿಂದ ನಿಮ್ಮ ಮೊದಲ ತರಬೇತುದಾರರಿಗೆ ಒಂದು ಪ್ರಶ್ನೆ ಕೇಳಿ: ‘ನಿಮ್ಮ ದಳದ ನಾಯಿಗೆ ಯಾವುದರ ಮೇಲೆ ಆಸೆಯಿತ್ತು?’ ಅವರು ಮುಖ ಅರಳಿಸಿ ಚೆಂಡಿನದೋ ಟವೆಲಿನ ಎಳೆದಾಟದ್ದೋ ಕಥೆ ಹೇಳಿದರೆ ಅವರೊಂದಿಗೆ ಮುಂದಿನ ಮಾತು ಆಡಬಹುದು. ಪಟ್ಟಿ, ಸರಪಳಿ, ಏಟು ಇವುಗಳ ಕಥೆಯೇ ಬಂದರೆ ಚಹಾ ಕುಡಿಸಿ ಕಳಿಸಿಕೊಡಿ.

ನಾಯಿ ತಾನೇ ಯಜಮಾನ ಎಂದುಕೊಂಡಿದೆ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನಾನು ಹೋದ ಹೆಚ್ಚಿನ ಮನೆಗಳಲ್ಲಿ ಇದನ್ನು ಯಾರೋ ಒಬ್ಬರು ಮೊದಲೇ ಹೇಳಿ ಹೋಗಿರುತ್ತಾರೆ. ಇದರ ಮೂಲ ತೋಳಗಳಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದರು. ಹಿಂಡಿನಲ್ಲಿ ಮೇಲಿನ ಸ್ಥಾನಕ್ಕಾಗಿ ಸದಾ ಹೊಡೆದಾಟ ಎಂಬ ಕಲ್ಪನೆ ಅಲ್ಲಿಂದ ಹರಡಿತು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನು ವರ್ಷಾನುಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ ತೋರಿಸಿದ್ದೇನೆಂದರೆ, ಸಹಜವಾಗಿ ಬದುಕುವ ತೋಳದ ಹಿಂಡು ಬಹುಪಾಲು ತಂದೆ, ತಾಯಿ ಮತ್ತು ಅವುಗಳ ಮಕ್ಕಳ ಸಂಸಾರ. ಪಟ್ಟಕ್ಕಾಗಿ ಕಾದಾಟ ಅಲ್ಲಿ ಅಪರೂಪ. ನಾಯಿಯಂತೂ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆಗಿರುವ ಪ್ರಾಣಿ. ಅದನ್ನು ಅಂಗಾತ ಮಲಗಿಸಿ ಅದುಮಿ ಹಿಡಿಯುವುದು, ಅದರ ತಟ್ಟೆಯಲ್ಲಿ ಕೈ ಹಾಕಿ ‘ನಾನೇ ದೊಡ್ಡವನು’ ಎಂದು ತೋರಿಸುವುದು, ಇವುಗಳಿಂದ ನಾಯಿ ಕಲಿಯುವುದು ಮನುಷ್ಯನ ಕೈ ಅಪಾಯದ ವಸ್ತು ಎಂಬುದನ್ನೇ. ಸಿಲಿಂಡರ್ ಹುಡುಗನನ್ನು ಕಂಡು ಗುರುಗುಟ್ಟುವ ಬ್ರೂನೋಗೆ ಮನೆಯ ಅಧಿಕಾರದ ಚಿಂತೆ ಇಲ್ಲ. ಅವನಿಗೆ ಆ ಹುಡುಗ ಅಲ್ಲಿಂದ ಹೋಗಬೇಕು, ಅಷ್ಟೆ. ಗುರುಗುಟ್ಟಿದಾಗಲೆಲ್ಲ ಹುಡುಗ ಸಿಲಿಂಡರ್ ಇಳಿಸಿ ಹೋಗಿಯೇಬಿಡುತ್ತಾನಾದ್ದರಿಂದ, ತನ್ನ ಉಪಾಯ ಫಲಿಸಿತೆಂದು ಅವನು ತಿಳಿದಿದ್ದರೂ ಆಶ್ಚರ್ಯವಿಲ್ಲ.

ಈ ಅಂಜಿಕೆಯ ಬೇರು ಹೆಚ್ಚಾಗಿ ಮರಿತನದಲ್ಲಿರುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಹಲವು ವರ್ಷ ನಡೆಸಿ 1965ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಸುಮಾರು 3ರಿಂದ 12 ವಾರಗಳ ನಡುವೆ ಮರಿ ಯಾರನ್ನು, ಯಾವುದನ್ನು ಕಂಡು ಬೆಳೆಯುತ್ತದೋ ಅದು ಅದರ ಪಾಲಿಗೆ ಜೀವನವಿಡೀ ಮಾಮೂಲಿನ ಸಂಗತಿ. ಶಹಾಪುರ, ಸುರಪುರ ಕಡೆಯ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ಬಿಟ್ಟ ಮರಿಯನ್ನು ಅವರು ಕುರಿಗಳ ನಡುವೆಯೇ ಬೆಳೆಸುತ್ತಾರೆ, ದೊಡ್ಡದಾದ ಮೇಲೆ ಅದು ಕುರಿಯ ಮೈಮೇಲೆ ಬೀಳುವುದಿಲ್ಲ. ನಮ್ಮ ಪಟ್ಟಣದ ಮರಿಗಳ ಕಥೆ ಬೇರೆ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ಅದು ಮನೆಗೆ ಬಂದ ಮೇಲೆ ಲಸಿಕೆಗಳು ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳುತ್ತಾರೆ, ಪಾರ್ವೋ ಕಾಯಿಲೆಯ ದೆಸೆಯಿಂದ ಆ ಎಚ್ಚರ ಸರಿಯೇ. ಆದರೆ ಮನೆಯವರು ಅದನ್ನು ಮಾಳಿಗೆಯ ಮೇಲೆ ಒಬ್ಬಂಟಿಯಾಗಿ ಬೆಳೆಸಿಬಿಡುತ್ತಾರೆ. ಎತ್ತಿಕೊಂಡು ಸೂಪರ್ ಮಾರ್ಕೆಟ್ ಕಡೆಗೊಮ್ಮೆ ಹೋಗಿ ಹೆಲ್ಮೆಟ್ಟು, ಬುರ್ಖಾ, ಕೋಲು ಹಿಡಿದ ಮುದುಕರು, ಆಟೋ, ತಳ್ಳುಗಾಡಿ ಎಲ್ಲವನ್ನೂ ದೂರದಿಂದ ತೋರಿಸಿ ತಂದಿದ್ದರೂ ಸಾಕಿತ್ತು. ಬ್ರೂನೋ ವಿಷಯದಲ್ಲಿ ಆ ಕಾಲ ದಾಟಿದೆ. ಈಗ ಆ ಕೆಲಸವನ್ನೇ ನಿಧಾನವಾಗಿ, ಯೋಜನೆ ಹಾಕಿಕೊಂಡು ಮಾಡಬೇಕು.

ಅದಕ್ಕೂ ಮೊದಲು ಪಶುವೈದ್ಯರ ಬಳಿ ಹೋಗಿ. ಎರಡು ಮೂರು ತಿಂಗಳಿಂದ ಶುರುವಾದ ಬದಲಾವಣೆ ಎಂದು ನೀವು ಬರೆದಿದ್ದೀರಿ, ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಈ ತಳಿಯಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ಅದು ಈ ವಯಸ್ಸಿನಲ್ಲಿಯೇ ತಲೆ ಹಾಕಬಹುದು. ಕಿವಿಯ ಸೋಂಕು, ನಮ್ಮ ಕಡೆ ಉಣ್ಣಿಗಳಿಂದ ಹರಡುವ ಜ್ವರ, ಇವು ಕೂಡ ನಾಯಿಯ ಸಿಟ್ಟನ್ನು ಹೆಚ್ಚಿಸುತ್ತವೆ. ನೋವಿರುವ ನಾಯಿಗೆ ಹೊಸಬರು ಮುಟ್ಟುವುದು ಬೇಡವಾಗಿರುತ್ತದೆ. ಕಲಬುರಗಿಯಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ ಸಮಾಧಾನಕರವಾಗಿ ಆಗದಿದ್ದರೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಹುದು. ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳದೆಯೇ ಕೆಲಸಕ್ಕೆ ಕೈ ಹಾಕುವ ತರಬೇತುದಾರ, ಅವನ ಹಿನ್ನೆಲೆ ಏನೇ ಇರಲಿ, ಒಂದು ಮೆಟ್ಟಿಲು ತಪ್ಪಿದ್ದಾನೆ.

ಈಗ ತರುಣನ ಪ್ರಮಾಣಪತ್ರ. ನಮ್ಮ ದೇಶದಲ್ಲಿ ನಾಯಿ ತರಬೇತುದಾರನಾಗಲು ವೈದ್ಯರಿಗಿರುವಂಥ ನೋಂದಣಿ ಇಲ್ಲ. ಯಾರು ಬೇಕಾದರೂ ಬೋರ್ಡು ಬರೆಸಿ ತೂಗುಹಾಕಬಹುದು. ಕೋರ್ಸಿನ ಕಾಗದವೊಂದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಆ ಕೋರ್ಸಿನಲ್ಲಿ ಕಲಿತಿರಬೇಕಾದ ವಿದ್ಯೆ ಮಾತ್ರ ಗಟ್ಟಿಯಾದದ್ದು. ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದಾಗ, ಒಳ್ಳೆಯ ಫಲ ತಂದ ಕ್ರಿಯೆ ಮರುಕಳಿಸುತ್ತದೆ ಎಂಬುದು ತಿಳಿಯಿತು. ರಷ್ಯಾದ ವಿಜ್ಞಾನಿ ಪಾವ್ಲಾವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗಾದರೂ, ನಾಯಿಯ ಜೊಲ್ಲಿನಿಂದ ಅವರು ಕಂಡುಕೊಂಡ ಸಂಬಂಧ, ಅಂದರೆ ಒಂದರ ಬೆನ್ನಿಗೆ ಇನ್ನೊಂದು ಬಂದರೆ ಮೊದಲನೆಯದೇ ಎರಡನೆಯದರ ಸೂಚನೆಯಾಗುತ್ತದೆ ಎಂಬುದು, ಇಂದಿಗೂ ಅಂಜುವ ನಾಯಿಯ ಚಿಕಿತ್ಸೆಗೆ ತಳಪಾಯ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲಿ ಇವನ್ನೆಲ್ಲ ಪ್ರಯೋಗಶಾಲೆಯಿಂದ ಹೊರಗೆ ತಂದು ಬಗೆಬಗೆಯ ಪ್ರಾಣಿಗಳಿಗೆ ಕಲಿಸಿದರು. ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘ 2021ರ ತನ್ನ ಹೇಳಿಕೆಯಲ್ಲಿ, ಸಿಟ್ಟಿನ ನಾಯಿಗಳೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನದ ವಿಧಾನವನ್ನೇ ಬಳಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಹೀಗಾಗಿ ಚಿಕನ್ ತುಂಡನ್ನು ಹಗುರವಾಗಿ ಕಾಣಬೇಡಿ.

ಆದರೆ ಆ ತುಂಡು ಯಾವಾಗ ಕೈಯಿಂದ ಹೊರಡುತ್ತದೆ ಎಂಬುದರಲ್ಲಿ ಎಲ್ಲವೂ ಇದೆ. ಮೊದಲೇ ತೋರಿಸಿ ಕೂರಿಸಿದರೆ ಅದು ಲಂಚ. ಕೂತ ಮೇಲೆ ಬಂದರೆ ಕೂಲಿ. ನಾಯಿ ಕೂತ ಕ್ಷಣಕ್ಕೆ ಸರಿಯಾಗಿ ಒಂದು ಚಿಕ್ಕ ಮಾತು ಬೀಳಬೇಕು. ನಾನು ‘ಭೇಷ್’ ಎಂಬ ಮಾತನ್ನು ಬಳಸುತ್ತೇನೆ, ತಟಕ್ಕನೆ ಮುಗಿಯುತ್ತದೆ. ಆ ಮಾತಿನ ಬೆನ್ನಿಗೇ, ಒಂದೆರಡು ಸೆಕೆಂಡಿನೊಳಗೆ ತುಂಡು ಬಾಯಿಗೆ ಸೇರಬೇಕು. ಅಷ್ಟರಲ್ಲಿ ಜೇಬು ತಡಕಾಡುತ್ತ ನಿಂತರೆ ನಾಯಿ ಎದ್ದಿರುತ್ತದೆ, ಎದ್ದದ್ದಕ್ಕೇ ಕೂಲಿ ಸಿಕ್ಕಿತೆಂದು ಅದು ಲೆಕ್ಕ ಹಾಕುತ್ತದೆ. ತುಂಡು ಶೇಂಗಾ ಕಾಳಿನಷ್ಟಿದ್ದರೆ ಸಾಕು. ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೋಕದಂತೆ ಬೇಯಿಸಿರಬೇಕು. ಅತ್ತೆಯವರಿಗೆ ಅಡುಗೆಮನೆಯಲ್ಲಿ ಮಾಂಸ ಒಗ್ಗದಿದ್ದರೆ ಪನೀರ್ ತುಂಡಾದರೂ ನಡೆದೀತು. ಕಲಿಕೆ ಗಟ್ಟಿಯಾದ ಮೇಲೆ ತುಂಡುಗಳನ್ನು ಕಡಿಮೆ ಮಾಡಿ, ಒಮ್ಮೆ ಕೊಟ್ಟು ಒಮ್ಮೆ ಬಿಟ್ಟು ನಡೆಸಬೇಕು. ಹೀಗೆ ಬಿಟ್ಟು ಬಿಟ್ಟು ಸಿಗುವ ಬಹುಮಾನವೇ ಅಭ್ಯಾಸವನ್ನು ಹೆಚ್ಚು ಕಾಲ ಉಳಿಸುತ್ತದೆ. ಜೇಬಿನಲ್ಲಿ ಚಿಕನ್ ಇಲ್ಲದಿದ್ದರೆ ನಾಯಿ ಕೇಳುವುದಿಲ್ಲ ಎಂಬ ದೂರು ಬರುವುದು ಈ ಕೊನೆಯ ಹಂತವನ್ನು ಬಿಟ್ಟವರ ಮನೆಯಿಂದ.

ಬ್ರೂನೋನಂಥ ನಾಯಿಯ ಮನೆಗೆ ಮೊದಲ ಸಲ ಹೋದಾಗ ನಾನು ಅದನ್ನು ಮುಟ್ಟುವುದಿಲ್ಲ, ಮಾತಾಡಿಸುವುದೂ ಇಲ್ಲ. ಮನೆಯವರೊಬ್ಬರು ಅದನ್ನು ಪಟ್ಟಿಯಲ್ಲಿ ಹಿಡಿದು ಪಡಸಾಲೆಯ ಆ ತುದಿಯಲ್ಲಿ ಕೂರಬೇಕು. ನಾನು ಈ ತುದಿಯಲ್ಲಿ, ಅದಕ್ಕೆ ಎದುರಾಗದೆ, ಪಕ್ಕಕ್ಕೆ ತಿರುಗಿ ಕುರ್ಚಿಯಲ್ಲಿ ಕೂರುತ್ತೇನೆ. ಮರಿ ಎಲ್ಲಿಂದ ತಂದದ್ದು, ಎಷ್ಟು ವಾರಕ್ಕೆ, ತಾಯಿಯನ್ನು ನೋಡಿದ್ದಿರಾ, ಯಾರು ಉಣಿಸುತ್ತಾರೆ, ಎಲ್ಲಿ ಮಲಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಕಟ್ಟಿರುತ್ತೀರಿ ಎಂದೆಲ್ಲ ಕೇಳುತ್ತ ಅರ್ಧ ಗಂಟೆ ಕಳೆಯುತ್ತದೆ. ಆ ಹೊತ್ತಿನಲ್ಲಿ ಓರೆಗಣ್ಣಿನಿಂದ ನಾಯಿಯನ್ನು ನೋಡುತ್ತಿರುತ್ತೇನೆ. ನಿದ್ದೆಯಿಲ್ಲದೆ ಆಕಳಿಸುವುದು, ಊಟವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿದರೂ ಕಣ್ಣಿನ ಬಿಳಿ ಕಾಣುವಂತೆ ನನ್ನತ್ತ ನೋಟ ಇಟ್ಟಿರುವುದು, ಇವು ಗುರುಗುಟ್ಟುವುದಕ್ಕೆ ಬಹಳ ಮೊದಲೇ ಬರುವ ಸೂಚನೆಗಳು. ಇವನ್ನು ಯಾರೂ ಗಮನಿಸದಿದ್ದಾಗ ಮೈ ಸೆಟೆಯುತ್ತದೆ, ಆಮೇಲೆ ಗುರುಗುಟ್ಟುವಿಕೆ, ಅದಕ್ಕೂ ಕಿವಿಗೊಡದಿದ್ದರೆ ಬಾಯಿ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ನಿಲ್ಲಿಸುತ್ತದೆ, ನಿಜ. ಅಂಜಿಕೆ ಹಾಗೇ ಉಳಿದು ಎಚ್ಚರಿಕೆ ಮಾತ್ರ ಹೋಗಿರುತ್ತದೆ. ‘ಏನೂ ಸುಳಿವು ಕೊಡದೆ ಕಚ್ಚಿಬಿಟ್ಟಿತು’ ಎಂದು ಜನ ಹೇಳುವ ನಾಯಿಗಳಲ್ಲಿ ಎಷ್ಟೋ ನಾಯಿಗಳು ಹೀಗೆ ತಯಾರಾದವು.

ನಂತರದ ಕೆಲಸ ಗೇಟಿನ ಬಳಿ. ಬ್ರೂನೋಗೆ ಪರಿಚಯವಿಲ್ಲದ ಒಬ್ಬರು ರಸ್ತೆಯ ಆಚೆ ಬದಿಯಲ್ಲಿ ಕಾಣಿಸಿಕೊಳ್ಳಬೇಕು. ಎಷ್ಟು ದೂರದಲ್ಲಿ ಅವನು ಕಿವಿ ನಿಮಿರಿಸಿ ನೋಡುತ್ತಾನೆ, ಆದರೆ ಇನ್ನೂ ಬಾಯಿ ಬಿಗಿದಿಲ್ಲ ಎಂಬುದನ್ನು ಮೊದಲು ಕಂಡುಕೊಳ್ಳಬೇಕು; ಒಂದು ನಾಯಿಗೆ ಅದು 20 ಅಡಿ, ಇನ್ನೊಂದಕ್ಕೆ 60 ಅಡಿ. ಆ ದೂರದಲ್ಲಿ ಆ ವ್ಯಕ್ತಿ ಕಂಡೊಡನೆ ‘ಭೇಷ್’, ಒಂದರ ಮೇಲೊಂದು ತುಂಡು. ವ್ಯಕ್ತಿ ಮರೆಯಾದೊಡನೆ ತುಂಡು ಬಂದ್. ಕ್ರಮ ಅದಲುಬದಲಾಗಬಾರದು. ಮೊದಲು ತುಂಡು ಕೊಟ್ಟು ಆಮೇಲೆ ಮನುಷ್ಯ ಕಾಣಿಸಿದರೆ, ಚಾಣಾಕ್ಷ ನಾಯಿ ಚಿಕನ್ ಕಂಡರೇ ಅನುಮಾನದಿಂದ ಸುತ್ತ ನೋಡಲು ಶುರು ಮಾಡುತ್ತದೆ. ಕೆಲವು ದಿನಗಳ ಮೇಲೆ ಒಂದು ಬದಲಾವಣೆ ಕಾಣುತ್ತದೆ: ಆಚೆ ಮನುಷ್ಯನನ್ನು ಕಂಡ ನಾಯಿ ತಾನಾಗಿ ಕತ್ತು ತಿರುಗಿಸಿ ನಿಮ್ಮ ಮುಖ ನೋಡುತ್ತದೆ. ಅದು ಕಂಡ ಮೇಲೆಯೇ ದೂರವನ್ನು ನಾಲ್ಕಾರು ಅಡಿ ಕಡಿಮೆ ಮಾಡಬೇಕು. ನಡುವೆ ಗುರುಗುಟ್ಟಿದರೆ ಬೈಯುವುದು ಬೇಡ, ಹಿಂದಿನ ದೂರಕ್ಕೆ ಮರಳಿದರಾಯಿತು. ನಿಮ್ಮ ಮನೆಯಲ್ಲಿ ಸಿಲಿಂಡರ್‌ನ ಸದ್ದು ಬೇರೆಯೇ ಒಂದು ಪಾಠವಾಗಬೇಕೆಂದು ನನ್ನ ಊಹೆ. ಕಬ್ಬಿಣ ನೆಲಕ್ಕೆ ತಾಗಿ ಉರುಳುವ ಆ ಸದ್ದು ಮನುಷ್ಯನಿಗಿಂತ ಮೊದಲು ಬರುತ್ತದೆ, ನಾಯಿ ಅಲ್ಲಿಯೇ ಅರ್ಧ ಕೆರಳಿರುತ್ತದೆ. ಖಾಲಿ ಸಿಲಿಂಡರನ್ನು ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಅಲುಗಿಸಿ, ಅದೇ ಕ್ರಮದಲ್ಲಿ ತುಂಡು ಕೊಡುತ್ತ ಬರಬಹುದು.

ಇಷ್ಟು ವಿವರ ಹೇಳಿದ್ದು, ಶೆಡ್ಡಿನ ಮಾತು ಬಂದದ್ದರಿಂದ. ನಿಮ್ಮ ಗೇಟು, ನಿಮ್ಮ ಸಿಲಿಂಡರ್, ನಿಮ್ಮ ಅತ್ತೆಯವರ ಕೋಲು, ಇವು ಯಾವುವೂ ಆ ಹೊಲದಲ್ಲಿಲ್ಲ. ನಾಯಿ ಒಂದು ಜಾಗದಲ್ಲಿ, ಒಬ್ಬರ ಕೈಯಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾನಾಗಿ ಒಯ್ಯುವುದರಲ್ಲಿ ಬಹಳ ಹಿಂದೆ. ಒಂದೂವರೆ ತಿಂಗಳ ನಂತರ ಅವರ ಮುಂದೆ ಸೈನಿಕನಂತೆ ಕೂರುವ ಬ್ರೂನೋ ಮನೆಗೆ ಬಂದ ವಾರದಲ್ಲಿ ಹಳೆಯ ಬ್ರೂನೋ ಆದರೆ ಅವರೂ ಸುಳ್ಳು ಹೇಳಿದಂತಾಗುವುದಿಲ್ಲ, ನಿಮ್ಮ ದುಡ್ಡೂ ಉಳಿಯುವುದಿಲ್ಲ. ಕಣ್ಣಿಗೆ ಕಾಣದ ಕಡೆ ಅವನಿಗೆ ಹೇಗೆ ಕಲಿಸಿದರು ಎಂಬುದೂ ತಿಳಿಯದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ತಗಡಿನ ಶೆಡ್ಡು ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ನಾಯಿಯ ಮೈಯ ಶಾಖ ಸಹಜವಾಗಿ 38ರಿಂದ 39 ಡಿಗ್ರಿಯಷ್ಟಿರುತ್ತದೆ, 41 ದಾಟಿದರೆ ಜೀವಕ್ಕೇ ಅಪಾಯ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಅಪರಾಧ; ಸದಾ ಕಟ್ಟಿದ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದ ಒಡೆಯನನ್ನೂ ಆ ಕಲಮು ಹೆಸರಿಸಿ ಹೇಳುತ್ತದೆ. ಈ ಮಾತು ಶೆಡ್ಡಿಗೂ ಅನ್ವಯ, ಮನೆಗೂ ಅನ್ವಯ.

ಎಳೆದಾಟದ ವಿಷಯ ಹೋಲಿಕೆಯಲ್ಲಿ ಸುಲಭದ್ದು. ಕತ್ತು ಬಿಗಿಯುವ ಸರಪಳಿಯನ್ನು ತೆಗೆದಿಡಿ. ಅದು ಶ್ವಾಸನಾಳಕ್ಕೆ ಪೆಟ್ಟು ಕೊಡುತ್ತದೆ, ಕಣ್ಣಿನೊಳಗಿನ ಒತ್ತಡವನ್ನೂ ಏರಿಸುತ್ತದೆ. ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ (ಕತ್ತಿನ ಬದಲು ಎದೆ, ಬೆನ್ನನ್ನು ಸುತ್ತುವ ಪಟ್ಟಿ) ಹಾಕಿ, ಪಟ್ಟಿ ಬಿಗಿಯಾದಾಗ ನಿಂತುಬಿಡಿ, ಸಡಿಲವಾದಾಗ ನಡೆಯಿರಿ. ಬೆಳಗಿನ ಆರರೊಳಗೆ ಹೊರಡಿ. ಹೊತ್ತೇರಿದ ಮೇಲೆ ಶಹಾಬಾದ್ ಕಲ್ಲಿನ ಅಂಗಳವೂ ಡಾಂಬರು ರಸ್ತೆಯೂ ಅಂಗಾಲು ಸುಡುತ್ತವೆ. ಅಂಗೈ ಹಿಂಭಾಗವನ್ನು ಐದಾರು ಸೆಕೆಂಡು ನೆಲಕ್ಕೆ ಇಟ್ಟು ನೋಡಿ, ನಿಮಗೆ ತಾಳಲಾಗದಿದ್ದರೆ ನಾಯಿಗೂ ಆಗದು.

ಮನೆಯವರಿಗೆ ಕಲಿಸುವುದು ನಾಯಿಗೆ ಕಲಿಸುವುದಕ್ಕಿಂತ ಕಷ್ಟ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಮಗ ‘ಸಿಟ್’ ಎನ್ನುತ್ತಾನೆ, ಅತ್ತೆಯವರು ‘ಕುಂಡ್ರು’ ಎನ್ನುತ್ತಾರೆ, ಯಜಮಾನರು ‘ಬೈಠ್’ ಎಂದು ಗದರಿಸುತ್ತಾರೆ; ಮೂವರಿಗೂ ನಾಯಿ ಮೊಂಡ. ಯಾವ ಭಾಷೆಯಾದರೂ ಸರಿ, ಮಾತು ಒಂದೇ ಇರಲಿ, ಒಂದೇ ಸಲ ಹೇಳಿ. ಬಂದವರ ಮುಂದೆ ಒಬ್ಬರು ತಡೆಯುವುದು, ಇನ್ನೊಬ್ಬರು ‘ಏನೂ ಮಾಡಂಗಿಲ್ಲ, ಬರ್ರಿ’ ಎಂದು ಒಳಗೆ ಕರೆಯುವುದು ನಡೆಯಬಾರದು. ಒಳ್ಳೆಯ ತರಬೇತುದಾರ ಪಟ್ಟಿಯನ್ನು ಬೇಗ ನಿಮ್ಮ ಕೈಗೆ ಕೊಟ್ಟು, ತಾನು ಹಿಂದೆ ನಿಂತು, ನಿಮ್ಮ ಕೈಯ ತಪ್ಪನ್ನು ತಿದ್ದುತ್ತಾನೆ. ಪ್ರತಿ ಸಲ ತಾನೇ ನಾಯಿಯನ್ನು ಓಡಾಡಿಸಿ ಹೋಗುವವನು ನಿಮಗೆ ಏನನ್ನೂ ಬಿಟ್ಟುಹೋಗುವುದಿಲ್ಲ.

ತಳಿಯ ತಿಳಿವಳಿಕೆಯೂ ಹಿನ್ನೆಲೆಯ ಒಂದು ಭಾಗ. ಜರ್ಮನ್ ಶೆಫರ್ಡ್ ಒಡೆಯನ ಮುಖ ನೋಡಿ ಕೆಲಸ ಮಾಡುವ ನಾಯಿ. ಕಾವಲಿನ ಗುಣ ಅದರ ರಕ್ತದಲ್ಲಿರುವುದರಿಂದ ಬಂದವರ ಮೇಲೆ ಅನುಮಾನ ಪಡುವುದನ್ನು ಪೂರ್ತಿ ಅಳಿಸಲು ಹೋಗಬಾರದು, ಹತೋಟಿಗೆ ತಂದರೆ ಸಾಕು. ನಮ್ಮ ಭಾಗದಲ್ಲಿ ಮುಧೋಳ ನಾಯಿ ಸಾಕಿದವರೂ ಬಹಳ ಜನ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿದೆ, 2016ರಲ್ಲಿ ಸೇನೆಯೂ ಈ ತಳಿಯ ಮರಿಗಳನ್ನು ಮೀರತ್‌ಗೆ ಒಯ್ದಿತು. ಆದರೆ ಕಣ್ಣಿನಿಂದ ಬೇಟೆಯಾಡುವ ಆ ನಾಯಿಯ ಎದುರು ಮೊಲ ಹಾಯ್ದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ, ಗದರಿಕೆಗೆ ಅದು ಬೇಗ ಮುದುಡುತ್ತದೆ. ಎಲ್ಲ ತಳಿಗೂ ಒಂದೇ ಪಾಠ, ಒಂದೇ ಅವಧಿ ಎನ್ನುವವರ ವಿಷಯದಲ್ಲಿ ಎಚ್ಚರವಿರಲಿ.

ಈ ಎಲ್ಲದರ ಮೇಲೆ ನನ್ನ ಸಲಹೆ ತರುಣನ ಕಡೆಗೇ ವಾಲುತ್ತದೆ, ಷರತ್ತಿನ ಮೇಲೆ. ಗ್ಯಾರಂಟಿ ಕೊಡಲಾರೆ ಎಂದ ಅವನ ಮಾತು ನನಗೆ ಹಿಡಿಸಿತು. ಜೀವವಿರುವ ಪ್ರಾಣಿಯ ವರ್ತನೆಗೆ ಪ್ರಾಮಾಣಿಕನಾದವನು ಗ್ಯಾರಂಟಿ ಬರೆದುಕೊಡಲಾರ. ಆದರೆ ಅವನು ಯಾರ ಕೈಕೆಳಗೆ ಕೆಲಸ ಮಾಡಿದ್ದಾನೆ, ಗುರುಗುಟ್ಟುವ ನಾಯಿಗಳನ್ನು ಹಿಡಿದಿದ್ದಾನೆಯೇ ಅಥವಾ ಮರಿಗಳಿಗೆ ಕೂರಲು ಕಲಿಸಿದ್ದಷ್ಟೆಯೇ ಎಂದು ಕೇಳಿ; ಹಿಂದೆ ಕೆಲಸ ಮಾಡಿದ ಒಂದೆರಡು ಮನೆಗಳಿಗೆ ಹೋಗಿ, ಅಲ್ಲಿ ನಾಯಿ ಮನೆಯವರ ಮಾತು ಕೇಳುತ್ತದೆಯೇ ನೋಡಿ ಬನ್ನಿ. ಬ್ರೂನೋ ನಿನ್ನ ಮೇಲೆ ಗುರುಗುಟ್ಟಿದರೆ ಏನು ಮಾಡುತ್ತೀ ಎಂದು ವಿಚಾರಿಸಿ. ‘ದೂರ ಸರಿಯುತ್ತೇನೆ’ ಎಂಬ ಮಾತು ಅವನ ಉತ್ತರದಲ್ಲಿ ಬಂದರೆ ಸರಿ. ‘ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುತ್ತೇನೆ’ ಎಂದಷ್ಟೇ ಹೇಳಿದರೆ ಅವನಿನ್ನೂ ಕಲಿಯಬೇಕು. ತನ್ನ ಕೈಮೀರಿದರೆ ಯಾರನ್ನು ಕೇಳುತ್ತಾನೆ ಎಂಬುದೂ ತಿಳಿದಿರಲಿ. ಶ್ವಾನದಳದ ಆ ಹಿರಿಯರು ನಿಮ್ಮ ಮನೆಗೇ ಬಂದು, ನಿಮ್ಮ ಕಣ್ಣೆದುರು, ಸರಪಳಿಯಿಲ್ಲದೆ ಕಲಿಸಲು ಒಪ್ಪಿದರೆ ಅವರ ಅನುಭವವನ್ನು ಬಿಟ್ಟುಕೊಡಬೇಕೆಂದು ನಾನು ಹೇಳಲಾರೆ.

ಅಲ್ಲಿಯವರೆಗೆ ಯಾರಿಗೂ ಗಾಯವಾಗದಂತೆ ನೋಡಿಕೊಳ್ಳಿ. ಸಿಲಿಂಡರ್ ಹುಡುಗನಿಗೆ ಬರುವ ಮೊದಲು ಫೋನ್ ಮಾಡಲು ಹೇಳಿ, ಅವನು ಬರುವ ಹೊತ್ತಿಗೆ ಬ್ರೂನೋ ಒಳಕೋಣೆಯಲ್ಲಿರಲಿ. ಬಾಯಿಕುಕ್ಕೆ ಬೇಕೆನಿಸಿದರೆ ಬುಟ್ಟಿಯ ಆಕಾರದ್ದನ್ನು ಕೊಳ್ಳಿ. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಬಟ್ಟೆಯದರಲ್ಲಿ ನಾಯಿಗೆ ತೇಕಲಾಗುವುದಿಲ್ಲ, ನಮ್ಮ ಬಿಸಿಲಿಗೆ ಅದು ಅಪಾಯ. ಮಗನನ್ನೂ ನಾಯಿಯನ್ನೂ ಮಗನ ಗೆಳೆಯರು ಬಂದಾಗ ಒಟ್ಟಿಗೆ ಬಿಡಬೇಡಿ. ರೇಬಿಸ್ ಲಸಿಕೆಯ ಪುಸ್ತಕ ತೆಗೆದು ವರ್ಷದ ಚುಚ್ಚುಮದ್ದು ಬಾಕಿಯಿದೆಯೇ ನೋಡಿ, ಮತ್ತು ಆ ಹುಡುಗನಿಗೆ ಅಂದು ಪ್ಯಾಂಟಿನ ಒಳಗೆ ಹಲ್ಲು ತಾಗಿತ್ತೇ ಎಂದು ಒಮ್ಮೆ ಕೇಳಿ. ಚರ್ಮಕ್ಕೆ ಗೀರಾಗಿದ್ದರೂ, ನಿಮ್ಮ ನಾಯಿಗೆ ಲಸಿಕೆಯಾಗಿದ್ದರೂ, ಅವನು ವೈದ್ಯರಿಗೆ ತೋರಿಸಿಕೊಳ್ಳಲಿ. ಮುಂದೆಂದಾದರೂ ಹಾಗಾದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.